ಮಾರ್ಷಲ್ ದಾವು: ಶಿಸ್ತು ಗೆದ್ದುಕೊಟ್ಟ ಕದನ

ಕೇಳುಗರೆಲ್ಲರಿಗೂ ನಮಸ್ಕಾರ.

ಫ್ರಾನ್ಸಿನ ಸೇನಾಪತಿ ಅಂದ ಕೂಡಲೇ ಎಲ್ಲರೂ ನೆಪೋಲಿಯನ್ ಹೆಸರು ಹೇಳುತ್ತಾರೆ. ಇವತ್ತೊಂದು ದಿನ ಅವನನ್ನು ಪಕ್ಕಕ್ಕಿಡೋಣ. ಅವನ ಕೈಕೆಳಗೆ ಲೂಯಿ ನಿಕೊಲಾ ದಾವು ಎಂಬ ದಂಡನಾಯಕನಿದ್ದ. ನನ್ನ ಮಾತು ಅವನ ಬಗ್ಗೆ.

ದಾವು ಹುಟ್ಟಿದ್ದು 1770ರಲ್ಲಿ, ಬರ್ಗಂಡಿಯಲ್ಲಿ. ತಲೆ ಬೋಳು, ಕಣ್ಣು ಮಂದ, ಕನ್ನಡಕ ಬೇಕೇ ಬೇಕು. 1804ರಲ್ಲಿ ನೆಪೋಲಿಯನ್ ಮೊದಲ ಸಲ ಮಾರ್ಷಲ್‌ಗಳನ್ನು, ಅಂದರೆ ಅತಿ ದೊಡ್ಡ ಪದವಿಯ ದಂಡನಾಯಕರನ್ನು, ನೇಮಿಸಿದಾಗ ಅವರೆಲ್ಲರಲ್ಲಿ ಚಿಕ್ಕವನು ಇವನೇ. ವಯಸ್ಸು 34. ಇವನ ಗುಟ್ಟು ಒಂದೇ: ಶಿಸ್ತು. ಸೈನಿಕನಿಗೆ ಹೊಟ್ಟೆಗೆ ಊಟ, ಕಾಲಿಗೆ ಬೂಟು ಇರಲೇಬೇಕು. ಲೂಟಿ ಮಾಡಿದರೆ ಶಿಕ್ಷೆ ತಪ್ಪದು. ಇದೇನು ದೊಡ್ಡ ವಿಷಯ ಅನ್ನುತ್ತೀರಾ? ಕೇಳಿ.

1806ರ ಅಕ್ಟೋಬರ್ 14. ಜರ್ಮನಿಯ ಆವರ್‌ಸ್ಟೆಟ್. ಬೆಳಗಿನ ದಟ್ಟ ಮಂಜು. ಫ್ರಾನ್ಸಿನ ಶತ್ರು ಪ್ರಷ್ಯ ಎಂಬ ಜರ್ಮನ್ ರಾಜ್ಯ. ಅದರ ಮುಖ್ಯ ಸೈನ್ಯ ತನ್ನ ಎದುರಿಗಿದೆ ಎಂದುಕೊಂಡು ನೆಪೋಲಿಯನ್ ಹತ್ತಿರದ ಯೇನಾ ಊರಿನಲ್ಲಿದ್ದ. ಅಲ್ಲಿದ್ದದ್ದು ಸೈನ್ಯದ ಒಂದು ಭಾಗ ಮಾತ್ರ. ಮುಖ್ಯ ಸೈನ್ಯ ಬಂದು ಡಿಕ್ಕಿ ಹೊಡೆದದ್ದು ದಾವುಗೆ! ಆ ಕಡೆ 50 ಸಾವಿರಕ್ಕೂ ಜಾಸ್ತಿ ಜನ, ಸ್ವತಃ ಪ್ರಷ್ಯದ ರಾಜನೂ ಜೊತೆಗೆ. ಈ ಕಡೆ ಸುಮಾರು 27 ಸಾವಿರ. ಹತ್ತಿರದಲ್ಲೇ ಇದ್ದ ಫ್ರಾನ್ಸಿನ ಇನ್ನೊಬ್ಬ ಮಾರ್ಷಲ್ ಬರ್ನಡೋಟ್ ನೆರವಿಗೆ ಬರಲಿಲ್ಲ.

ಮೊದಲು ಬಂದದ್ದು ದಾವುನ ಒಂದೇ ದಳ. ಅದರ ಮೇಲೆ ಪ್ರಷ್ಯದ ದಂಡನಾಯಕ ಬ್ಲೂಖರ್‌ನ ಕುದುರೆ ಸೈನ್ಯ ನುಗ್ಗಿತು. ಕಾಲಾಳುಗಳು ನಾಲ್ಕೂ ಕಡೆ ಬಂದೂಕು ಚಾಚಿ, ಚೌಕ ಕಟ್ಟಿ ನಿಂತರು. ಈ ಚೌಕದಲ್ಲಿ ನಾಲ್ಕು ಜನ ಹೆದರಿ ಓಡಿದರೂ ಸಾಕು, ಆ ಕಂಡಿಯಲ್ಲಿ ಕುದುರೆಗಳು ಒಳನುಗ್ಗುತ್ತವೆ. ಯಾರೂ ಓಡಲಿಲ್ಲ! ಕುದುರೆಗಳು ಮತ್ತೆ ಮತ್ತೆ ಬಂದವು, ಮತ್ತೆ ಮತ್ತೆ ಹಿಂದಿರುಗಿದವು. ಇದನ್ನು ಬರೀ ಧೈರ್ಯ ಅನ್ನಬೇಡಿ. ಧೈರ್ಯ ಪ್ರಷ್ಯದವರಿಗೂ ಇತ್ತು. ಇದು ಶಿಸ್ತು. ಅಷ್ಟರಲ್ಲಿ ಉಳಿದ ಎರಡು ದಳಗಳು ಬಂದು ಬಲಕ್ಕೊಂದು, ಎಡಕ್ಕೊಂದು ನಿಂತವು. ಪ್ರಷ್ಯದ ಸೇನಾಪತಿ ಬ್ರನ್ಸ್‌ವಿಕ್ ಡ್ಯೂಕ್‌ನ ಕಣ್ಣಿಗೆ ಗುಂಡು ತಗಲಿತು. ಮಧ್ಯಾಹ್ನದ ಹೊತ್ತಿಗೆ ಅಷ್ಟು ದೊಡ್ಡ ಸೈನ್ಯ ಹಿಮ್ಮೆಟ್ಟಿತು. ದಾವು ಕಡೆ ಸತ್ತವರು, ಗಾಯಗೊಂಡವರು ಸೇರಿ 7,000ದಷ್ಟು.

ಸುದ್ದಿ ತಂದವನ ಮಾತನ್ನು ನೆಪೋಲಿಯನ್ ನಂಬಲೇ ಇಲ್ಲ. 'ನಿಮ್ಮ ಮಾರ್ಷಲ್‌ಗೆ ಒಂದು ಎರಡಾಗಿ ಕಾಣುತ್ತಿರಬೇಕು' ಎಂದನಂತೆ. ಆಮೇಲೆ ಸತ್ಯ ತಿಳಿದು, ಪ್ರಷ್ಯದ ರಾಜಧಾನಿ ಬರ್ಲಿನ್ ನಗರಕ್ಕೆ ಮೊದಲು ಕಾಲಿಡುವ ಗೌರವವನ್ನು ದಾವುನ ಸೈನಿಕರಿಗೇ ಕೊಟ್ಟ.

ನನಗೆ ಕೊಟ್ಟ ಸಮಯ ಮುಗಿಯುತ್ತಿದೆ, ಉಳಿದದ್ದನ್ನು ಬೇಗ ಹೇಳುತ್ತೇನೆ. 1812ರಲ್ಲಿ ರಷ್ಯಕ್ಕೆ ಹೊರಟಾಗ ಇವನ ಸೈನಿಕರ ಚೀಲದಲ್ಲಿ ಹೆಚ್ಚುವರಿ ಬೂಟು, ಹಿಟ್ಟು ಎಲ್ಲ ಇತ್ತು. ಮತ್ತೆ ಅದೇ ಶಿಸ್ತು, ಅಲ್ವಾ? 1814ರ ಏಪ್ರಿಲ್‌ನಲ್ಲಿ ನೆಪೋಲಿಯನ್ ಪಟ್ಟ ಬಿಟ್ಟ. ದಾವು ಮಾತ್ರ ತಾನು ಕಾಯುತ್ತಿದ್ದ ಜರ್ಮನಿಯ ಹ್ಯಾಂಬರ್ಗ್ ನಗರವನ್ನು ಬಿಟ್ಟುಕೊಟ್ಟದ್ದು ಮೇ ತಿಂಗಳಲ್ಲಿ, ಅದೂ ಫ್ರಾನ್ಸಿನ ಹೊಸ ರಾಜನ ಆಜ್ಞೆ ಕೈಸೇರಿದ ಮೇಲೆ. 1823ರಲ್ಲಿ ಪ್ಯಾರಿಸ್‌ನಲ್ಲಿ ತೀರಿಕೊಂಡ.

ನಮಸ್ಕಾರ.