ತೀರ್ಥಹಳ್ಳಿಯಲ್ಲಿ ವಕೀಲಿಕೆ: ಯಾರಿಗೆ ಎಂತ ಹೇಳೋದು, ಎಂತ ಹೇಳ್ಬಾರ್ದು

ಈ ವಿಡಿಯೋದಲ್ಲಿ ನನ್ನ ಆಫೀಸಿನ ಬೋರ್ಡನ್ನ ಬೇಕಂತಲೇ ಮಸುಕು ಮಾಡಿದೀನಿ. ನನ್ನ ಹೆಸರು, ಫೋನ್ ನಂಬರ್ ಕೂಡ ಎಲ್ಲೂ ಹಾಕಲ್ಲ. ಬಾರ್ ಕೌನ್ಸಿಲ್ ನಿಯಮದ ಪ್ರಕಾರ ವಕೀಲರು ಜಾಹೀರಾತು ಕೊಡೋ ಹಾಗಿಲ್ಲ, ಬೋರ್ಡ್ ಸೈಜ್ ಕೂಡ ಹದದಲ್ಲೇ ಇರ್ಬೇಕು. ಹಾಗಾಗಿ ನೀವು ನೋಡ್ತಿರೋದು ತೀರ್ಥಹಳ್ಳಿಯ ಯಾವುದೋ ಒಂದು ಮಹಡಿ ಮೆಟ್ಟಿಲು, ಎರಡು ಬೆಂಚು, ಕೇಸ್ ಕಟ್ಟು ತುಂಬಿ ಬಾಗಿಲು ಹಾಕಕ್ಕಾಗದ ಒಂದು ಬೀರು ಅಂದ್ಕೊಳ್ಳಿ.

ಇವತ್ತು ಶಿವಮೊಗ್ಗ ಕೋರ್ಟಲ್ಲಿ ವಾಯಿದೆ ಇದೆ. ಕರಿ ಕೋಟು ಹಿಂದಿನ ಸೀಟಲ್ಲಿ. ಮಂಡಗದ್ದೆ, ಸಕ್ರೆಬೈಲು, ಗಾಜನೂರು, ಆಮೇಲೆ ಶಿವಮೊಗ್ಗ. ತುಂಗೆ ಜೊತೆಗೇ ಬರ್ತಾಳೆ. ತಿರುವಲ್ಲಿ ಲಾರಿ ಎದುರಾಗೋದು ಬಿಟ್ರೆ ಯೋಚನೆ ಮಾಡೋಕೆ ಒಳ್ಳೆ ರಸ್ತೆ.

ವಕೀಲರು ಅಂದ್ರೆ ಕೋರ್ಟಲ್ಲಿ ಗಟ್ಟಿಯಾಗಿ ಮಾತಾಡೋರು ಅಂತ ಜನ ತಿಳ್ಕೊಂಡಿದಾರೆ. ನಮ್ಮಂಥ ತಾಲ್ಲೂಕು ವಕೀಲರಿಗೆ ಅಲ್ಲಿ ಮಾತು ಕಮ್ಮಿ ಮಾರಾಯ್ರೇ. ಎಷ್ಟೋ ದಿನ ಮುಂದಿನ ತಾರೀಖು ಬರ್ಕೊಂಡು ಬರೋದಷ್ಟೇ. ಅದೂ ಅಡಿಕೆ ಕೊಯ್ಲಿನ ಕಾಲ ಆದ್ರೆ ಕಕ್ಷಿದಾರರೇ ಫೋನ್ ಮಾಡಿ, "ಕೊನೆಗಾರ ಸಿಕ್ಕಿದಾನೆ ಮೇಡಂ, ಹೆಂಗಾದ್ರೂ ಮುಂದಕ್ಕೆ ಹಾಕಿಸಿ" ಅಂತಾರೆ. ಕೊನೆಗಾರ ಅಂದ್ರೆ ಮರ ಹತ್ತಿ ಅಡಿಕೆ ಗೊನೆ ಇಳಿಸೋನು. ನಿಜವಾದ ತಲೆನೋವು ಇರೋದು ಆಫೀಸಲ್ಲಿ. ಎದುರು ಕೂತವರಿಗೆ ಎಂತ ಹೇಳ್ಬೇಕು, ಎಂತ ಹೇಳ್ಬಾರ್ದು ಅನ್ನೋದ್ರಲ್ಲಿ.

ಒಂದು ಉದಾಹರಣೆ ಕೊಡ್ತೀನಿ. ಇದು ಯಾವ ಒಂದು ಮನೆ ಕಥೆಯೂ ಅಲ್ಲ, ನಾಕೈದು ಮನೆದು ಸೇರಿಸಿ ಕಲಸಿದೀನಿ. ಕಕ್ಷಿದಾರರು ನನ್ನ ಹತ್ರ ಹೇಳಿದ್ದನ್ನ ಕೇಸ್ ಮುಗಿದ ಮೇಲೂ ಬಾಯಿಬಿಡೋ ಹಾಗಿಲ್ಲ. ಹಳೇ ಸಾಕ್ಷ್ಯ ಕಾಯ್ದೆಯಲ್ಲಿ 126ನೇ ಕಲಂ ಅಂತಿತ್ತು, 2024ರ ಜುಲೈಯಿಂದ ಜಾರಿಯಲ್ಲಿರೋ ಹೊಸದ್ರಲ್ಲಿ 132.

ಅಣ್ಣ ಜೀಪಲ್ಲಿ ಮೂರು ಜನ ತಂಗಿಯರನ್ನ ಕರ್ಕೊಂಡು ಬರ್ತಾನೆ. ಪಹಣಿ, ವಂಶವೃಕ್ಷ, ಆಧಾರ್ ಎಲ್ಲ ಪ್ಲಾಸ್ಟಿಕ್ ಕವರಲ್ಲಿ ರೆಡಿ. "ಮೇಡಂ, ಇವರೆಲ್ಲ ಒಪ್ಪಿದಾರೆ. ಹಕ್ಕು ಬಿಡುಗಡೆ ಪತ್ರ ಬರೆದುಬಿಡಿ, ಇವತ್ತೇ ರಿಜಿಸ್ಟ್ರಿ ಆಗ್ಲಿ." ತಂಗಿಯರು ಬೆಂಚಿನ ತುದೀಲಿ ಕೂತಿದಾರೆ. ನಡುವಿನವಳು ಬ್ಯಾಗಿನ ಜಿಪ್ ಎಳೀತಾಳೆ, ಬಿಡ್ತಾಳೆ.

ಫೀಸ್ ಕೊಡೋನು ಅಣ್ಣ. ಹಾಗಾಗಿ ನಾನು ಅವನ ವಕೀಲೆ. ಇದನ್ನ ತಂಗಿಯರಿಗೆ ಬಿಡಿಸಿ ಹೇಳ್ಬೇಕು: "ನೋಡಿ ಅಮ್ಮ, ನಾನು ನಿಮ್ಮ ಪರ ಅಲ್ಲ. ಇದು ಪಿತ್ರಾರ್ಜಿತ ತೋಟ. ನಿಮಗೂ ಅಣ್ಣನಷ್ಟೇ ಪಾಲಿದೆ. ಸಹಿ ಹಾಕಿದ್ರೆ ಅದು ಹೋಯ್ತು. ಬೇಕಾದ್ರೆ ಬೇರೆ ವಕೀಲರನ್ನ ಕೇಳಿ ಬನ್ನಿ." ಹೀಗಂದ ತಕ್ಷಣ ಅಣ್ಣನ ಮುಖ ನೋಡ್ಬೇಕು ನೀವು! ದುಡ್ಡು ಕೊಟ್ಟು ಎದುರು ಪಾರ್ಟಿ ವಕೀಲರನ್ನ ಇಟ್ಕೊಂಡ್ನಾ ಅನ್ನೋ ಹಾಗೆ.

ಈ ಪಾಲಿನ ಕಾನೂನಿಗೂ ಒಂದು ಚರಿತ್ರೆ ಇದೆ. ನಮ್ಮ ರಾಜ್ಯದಲ್ಲಿ 1994ರಲ್ಲೇ ಹೆಣ್ಣುಮಕ್ಕಳಿಗೆ ಪಿತ್ರಾರ್ಜಿತದಲ್ಲಿ ಪಾಲು ಬಂತು, ಆದ್ರೆ ಅಷ್ಟರೊಳಗೆ ಮದುವೆ ಆದವರಿಗಿಲ್ಲ. ಹಾಗಾಗಿ ಆಗ ವಕೀಲರು ಮೊದಲು ಕೇಳೋ ಪ್ರಶ್ನೆ ಮದುವೆ ಯಾವ ವರ್ಷ ಆಯ್ತು ಅಂತ. 2005ರಲ್ಲಿ ಕೇಂದ್ರದ ತಿದ್ದುಪಡಿ ಆ ಭೇದ ತೆಗೀತು. ತಿದ್ದುಪಡಿ ಬರೋ ಹೊತ್ತಿಗೆ ಅಪ್ಪ ಬದುಕಿರ್ಬೇಕಾ ಅನ್ನೋ ಜಗಳಕ್ಕೆ 2020ರಲ್ಲಿ ಸುಪ್ರೀಂ ಕೋರ್ಟ್ ತೆರೆ ಎಳೀತು: ಬೇಕಿಲ್ಲ, ಹಕ್ಕು ಹುಟ್ಟಿನಿಂದಲೇ ಬರುತ್ತೆ. 2004ರ ಡಿಸೆಂಬರ್ 20ಕ್ಕಿಂತ ಮುಂಚೆ ಕ್ರಮವಾಗಿ ಪಾಲುಪಟ್ಟಿ ರಿಜಿಸ್ಟ್ರಿ ಆಗಿದ್ರೆ, ಇಲ್ಲಾ ಕೋರ್ಟ್ ಡಿಕ್ರಿಯಿಂದ ಪಾಲಾಗಿದ್ರೆ ಮಾತ್ರ ಅದನ್ನ ಅಲ್ಲಾಡಿಸೋ ಹಾಗಿಲ್ಲ. ಅದಕ್ಕೇ ಹಿಂದಿನ ತಾರೀಖು ಹಾಕಿ ಪಾಲುಪಟ್ಟಿ ಸೃಷ್ಟಿ ಮಾಡೋಕೆ ಕೆಲವರು ಮೆಲ್ಲಗೆ ಕೇಳ್ತಾರೆ: "ಹಳೇ ಛಾಪಾ ಕಾಗದ ಎಲ್ಲಾದ್ರೂ ಸಿಗುತ್ತಾ ಮೇಡಂ?" ಅಂಥವರಿಗೆ ಬಾಗಿಲು ತೋರಿಸ್ತೀನಿ, ಕಾಫಿ ಕೂಡ ಇಲ್ಲ.

ಹಿರಿ ತಂಗಿ ಅಂದ್ಲು, "ಇದೆಲ್ಲ ಗೊತ್ತು ಮೇಡಂ. ಆದ್ರೆ ಗೌರಿ ಹಬ್ಬಕ್ಕೆ ಬಾಗಿನ ತಗೊಂಡು ಬರೋನು ಅವನೊಬ್ಬನೇ." ಇದಕ್ಕೆ ನನ್ನ ಹತ್ರ ಯಾವ ಕಲಮೂ ಇಲ್ಲ. ಗೊತ್ತಿದ್ದೂ ಬಿಟ್ಕೊಡೋದು ಅವಳ ಇಷ್ಟ. ಗೊತ್ತಿಲ್ಲದೇ ಬಿಟ್ಕೊಡೋದಕ್ಕೆ ಮಾತ್ರ ನನ್ನ ಆಫೀಸಲ್ಲಿ ಜಾಗ ಇಲ್ಲ. ಅವತ್ತು ಪತ್ರ ಬರೀಲಿಲ್ಲ. ಆಮೇಲೆ ಹಿರಿಯವಳು ಸಹಿ ಹಾಕಿದ್ಲು, ಕಿರಿಯವಳು ದುಡ್ಡು ಕೇಳಿದ್ಲು, ಜಿಪ್ ಎಳೀತಿದ್ದವಳು ಆಗಲ್ಲ ಅಂದ್ಲು. ಅಣ್ಣ ಕಡತ ವಾಪಸ್ ಕೇಳ್ದ, ಕೊಟ್ಟೆ. ಫೀಸ್ ಬಾಕಿ ಇದ್ರೂ ಕಡತ ಒತ್ತೆ ಇಟ್ಕೊಳ್ಳೋ ಹಾಗಿಲ್ಲ, ಸುಪ್ರೀಂ ಕೋರ್ಟ್ 2000ದಲ್ಲೇ ಹೇಳಿದೆ. ಬಾಕಿ ಇನ್ನೂ ಬಾಕಿಯೇ.

ಇನ್ನು ಹೇಳ್ಬಾರದ ವಿಷಯ. ಸಣ್ಣ ಊರಲ್ಲಿ ಇದು ದೊಡ್ಡ ಕಷ್ಟ. ಮದುವೆ ಮನೆ ಪಂಕ್ತೀಲಿ ಪಕ್ಕದವರು ಕೇಳ್ತಾರೆ, "ನಿನ್ನೆ ನಮ್ಮ ಭಾವ ನಿಮ್ಮಲ್ಲಿಗೆ ಬಂದಿದ್ರಲ್ಲ, ಎಂತ ವಿಷ್ಯ?" ಬಂದಿದ್ರು ಅಂತ ಒಪ್ಪಿದ್ರೂ ಅರ್ಧ ಹೇಳಿದ ಹಾಗೇ. ನಾನು "ಈ ಸಲ ಅಡಿಕೆ ಕೊಳೆರೋಗಕ್ಕೆ ಎಷ್ಟು ಸಲ ಬೋರ್ಡೋ ದ್ರಾವಣ ಹೊಡೆದ್ರಿ?" ಅಂತೀನಿ. ಅಡಿಕೆ ಬೆಳೆಗಾರರು ಆ ಪ್ರಶ್ನೆ ಬಿಟ್ಟು ಬೇರೆ ಕಡೆ ಹೋಗಲ್ಲ, ಪಾಯಸ ಬರೋವರೆಗೂ ಕಥೆ ಇರುತ್ತೆ.

ಫೀಸಿನ ಬಗ್ಗೆ ಒಂದೇ ಮಾತು. "ಗೆದ್ರೆ ಅರ್ಧ ಎಕರೆ ನಿಮಗೇ" ಅನ್ನೋರು ಇದಾರೆ. ನಿಯಮದಲ್ಲಿ ಅದಕ್ಕೆ ಅವಕಾಶ ಇಲ್ಲ. ಅಪ್ಪೆಮಿಡಿ ಉಪ್ಪಿನಕಾಯಿ ತಂದ್ಕೊಟ್ರೆ ಬೇಡ ಅನ್ನಲ್ಲ, ಅಷ್ಟು ಕಟ್ಟುನಿಟ್ಟು ನನ್ನಿಂದಾಗಲ್ಲ.

ತುಂಬಾ ಕಷ್ಟ ಆಗೋದು "ಆಗಲ್ಲ" ಅನ್ನೋದು. ಶರಾವತಿ ಮುಳುಗಡೆ ಕುಟುಂಬದ ಅಜ್ಜ ಒಬ್ರು ಅರಣ್ಯ ಹಕ್ಕು ಅರ್ಜಿ ಹಿಡ್ಕೊಂಡು ಬಂದ್ರು. 2006ರ ಆ ಕಾಯ್ದೆಯಲ್ಲಿ ಬುಡಕಟ್ಟಿನವರಲ್ಲದವರು 2005ರ ಡಿಸೆಂಬರ್ 13ಕ್ಕೆ ಮುಂಚೆ ಮೂರು ತಲೆಮಾರು, ಅಂದ್ರೆ 75 ವರ್ಷ, ಕಾಡಲ್ಲಿದ್ದಿದ್ದಕ್ಕೆ ಸಾಕ್ಷ್ಯ ಕೊಡ್ಬೇಕು. ಇವರ ಊರು ಮುಳುಗಿಸಿದ ಲಿಂಗನಮಕ್ಕಿ ಅಣೆಕಟ್ಟು ಮುಗಿದಿದ್ದೇ 1964ರಲ್ಲಿ. "ಸರ್ಕಾರದವರೇ ಲಾರೀಲಿ ತಂದು ಇಳಿಸಿದ್ದು ತಂಗೀ, ನಾವಾಗಿ ಬಂದಿದ್ದಲ್ಲ" ಅಂದ್ರು. ನಿಜವೇ, ಆದ್ರೆ ಲೆಕ್ಕ ಕೂಡಲ್ಲ. ಈ ಅರ್ಜೀಲಿ ಆಗಲ್ಲ ಅಜ್ಜ, ಪುನರ್ವಸತಿಯ ಹಳೇ ಆದೇಶ ಇದ್ರೆ ಹುಡುಕಿ ಅಂದೆ. ಅವರು ಇನ್ನೊಬ್ಬ ವಕೀಲರ ಹತ್ರ ಹೋದ್ರು, ಅಲ್ಲಿ "ಮಾಡಿಸ್ಕೊಡ್ತೀನಿ" ಅಂದ್ರಂತೆ. ಆಗಲಿ ಅಂತಲೇ ನನ್ನಾಸೆ, ಆದ್ರೆ ನಂಬಿಕೆ ಇಲ್ಲ.

ಗಾಜನೂರು ದಾಟಿದ್ವಿ. ಇನ್ನು ಕ್ಯಾಮೆರಾ ಆಫ್, ಕೋರ್ಟೊಳಗೆ ಚಿತ್ರೀಕರಣ ಇಲ್ಲ. ಒಂದು ವಿನಂತಿ: ವಿಡಿಯೋ ಕೆಳಗೆ ಸರ್ವೆ ನಂಬರ್, ಅಣ್ಣತಮ್ಮಂದಿರ ಹೆಸರು ಹಾಕಿ ಸಲಹೆ ಕೇಳ್ಬೇಡಿ, ಎದುರು ಪಾರ್ಟಿಯವರೂ ನೋಡ್ತಿರ್ತಾರೆ. ನಿಮ್ಮ ತಾಲ್ಲೂಕಿನ ಕಾನೂನು ಸೇವಾ ಸಮಿತಿಗೆ ಹೋಗಿ. ಹೆಣ್ಣುಮಕ್ಕಳಿಗೆ, ಪರಿಶಿಷ್ಟ ಜಾತಿ, ಪಂಗಡದವರಿಗೆ ಆದಾಯ ಎಷ್ಟೇ ಇರ್ಲಿ, ವಕೀಲರನ್ನ ಪುಕ್ಕಟೆ ನೇಮಿಸಿ ಕೊಡ್ತಾರೆ. ಅಣ್ಣನ ಜೀಪಲ್ಲೇ ಬರ್ಬೇಕಂತಿಲ್ಲ, ಬಸ್ಸಲ್ಲಿ ಬನ್ನಿ.