ಹಿಮಯುಗದ ಬೈಸನ್ ನೀಲಿ ಆಗಿದ್ದು ಯಾಕೆ? | ವಿವಿಯನೈಟ್

[ಸ್ಕ್ರೀನ್ ಮೇಲೆ: ನೀಲಿ ಪುಡಿ ಮೆತ್ತಿಕೊಂಡ ಪ್ರಾಣಿಯ ಚರ್ಮ, ಹತ್ತಿರದಿಂದ]

ನಮಸ್ಕಾರ. ಇವತ್ತು ಒಂದು ಹೆಣದಿಂದ ಶುರು ಮಾಡೋಣ, ಊಟ ಮಾಡ್ತಾ ನೋಡುತ್ತಿದ್ದರೆ ಕ್ಷಮಿಸಿ.

1979. ಅಲಾಸ್ಕಾದ ಫೇರ್‌ಬ್ಯಾಂಕ್ಸ್ ಹತ್ತಿರ ಚಿನ್ನ ತೆಗೆಯುವವರು ಹೆಪ್ಪುಗಟ್ಟಿದ ಮಣ್ಣಿಗೆ ಪೈಪಿನಿಂದ ಜೋರಾಗಿ ನೀರು ಹಾಯಿಸಿ ಕರಗಿಸುತ್ತಿದ್ದರು. ಆ ಕೆಸರಿನಿಂದ ಒಂದು ಬೈಸನ್, ಅಂದರೆ ಕಾಡುಕೋಣದ ಥರದ ದೊಡ್ಡ ಪ್ರಾಣಿ, ಈಚೆ ಬಂತು. ಹಿಮಯುಗದ್ದು. ಚರ್ಮ ಇದೆ, ಮಾಂಸ ಇದೆ, ಸಿಂಹ ಪರಚಿದ ಗುರುತೂ ಇದೆ. ಹೌದು, ಆಗ ಅಲಾಸ್ಕಾದಲ್ಲಿ ಸಿಂಹಗಳಿದ್ದವು. ಕಾರ್ಬನ್ ಡೇಟಿಂಗ್ ಮೊದಲು ಕೊಟ್ಟ ವಯಸ್ಸು ಸುಮಾರು 36,000 ವರ್ಷ. 1984ರಲ್ಲಿ ಸಂಶೋಧಕರು ಅದರ ಕುತ್ತಿಗೆಯ ಮಾಂಸದ ಒಂದು ತುಂಡನ್ನು ಬೇಯಿಸಿ ತಿಂದೂ ಬಿಟ್ಟರು. ಅದರ ಬಗ್ಗೆ ನನಗೆ ಹೇಳೋಕೆ ಏನೂ ಇಲ್ಲ, ಮುಂದೆ ಹೋಗೋಣ.

ನಮಗೆ ಬೇಕಾಗಿರುವುದು ಬಣ್ಣ. ಆ ಬೈಸನ್ ಮೈಮೇಲೆ ನೀಲಿ ಪುಡಿ ಮೆತ್ತಿಕೊಂಡಿತ್ತು, ಅದಕ್ಕೇ ‘ಬ್ಲೂ ಬೇಬ್’ ಅಂತ ಹೆಸರು ಬಿತ್ತು. ಸತ್ತ ಪ್ರಾಣಿ ಕಪ್ಪಾಗಲಿ, ಕಂದಾಗಲಿ, ಒಪ್ಪಿಕೊಳ್ಳೋಣ. ನೀಲಿ ಯಾಕೆ?

ಉತ್ತರ ಒಂದು ಖನಿಜ: ವಿವಿಯನೈಟ್. ಬೇಸಿಕ್ಸ್ ಬೇಗ ಮುಗಿಸುತ್ತೇನೆ. ಮೂರು ಕಬ್ಬಿಣ, ಎರಡು ಫಾಸ್ಫೇಟ್ (ರಂಜಕ, ಆಮ್ಲಜನಕ ಸೇರಿದ ಗುಂಪು), ಜೊತೆಗೆ ಎಂಟು ನೀರಿನ ಅಣು, ಇಷ್ಟೇ ಇದರ ಸೂತ್ರ. ತುಂಬಾ ಮೆತ್ತಗಿನ ಕಲ್ಲು. ಹತ್ತರವರೆಗೆ ಹೋಗುವ ಮೋಸ್ ಅಳತೆಯಲ್ಲಿ ಗಡಸುತನ ಒಂದೂವರೆಯಿಂದ ಎರಡು, ಅಂದರೆ ಉಗುರಿನಲ್ಲಿ ಕೆರೆದರೆ ಗೀರು ಬೀಳುತ್ತದೆ. ಪದರ ಪದರವಾಗಿ ಬಿಡಿಸಬಹುದು, ತೆಳು ಪದರ ಸ್ವಲ್ಪ ಬಾಗುತ್ತದೆ ಕೂಡ. 1817ರಲ್ಲಿ ಜರ್ಮನಿಯ ಖನಿಜ ತಜ್ಞ ವೆರ್ನರ್ ಇದಕ್ಕೆ ಜಾನ್ ಹೆನ್ರಿ ವಿವಿಯನ್ ಅವರ ಹೆಸರಿಟ್ಟರು. ಇಂಗ್ಲೆಂಡಿನ ಕಾರ್ನ್‌ವಾಲ್‌ನಲ್ಲಿ ಇದನ್ನು ಗುರುತಿಸಿದ್ದು ಅವರು. ಇಲ್ಲಿಗೆ ಬೇಸಿಕ್ಸ್ ಮುಗಿಯಿತು.

ಈಗ ಮಜಾ ಇರುವ ಭಾಗ. ಮಣ್ಣಿನಿಂದ ಆಗಷ್ಟೇ ತೆಗೆದ ವಿವಿಯನೈಟ್ ನೀಲಿ ಇರುವುದೇ ಇಲ್ಲ! ಗಾಜಿನ ಹಾಗೆ ಬಣ್ಣವಿಲ್ಲದೆ, ಇಲ್ಲ ಅಂದರೆ ತೀರಾ ತಿಳಿ ಹಸಿರಾಗಿ ಇರುತ್ತದೆ. ಗಾಳಿ ಬೆಳಕು ಬಿದ್ದ ಮೇಲೆ ನೀಲಿ ಆಗಲು ಶುರು. ಒಳಗೆ ಏನಾಗುತ್ತದೆ?

ಇದರಲ್ಲಿರುವ ಕಬ್ಬಿಣ ಮೊದಲು ‘ಫೆರಸ್’ ರೂಪದಲ್ಲಿ ಇರುತ್ತದೆ. ಬೆಳಕು, ಆಮ್ಲಜನಕ ಸೇರಿ ಕೆಲವು ಕಬ್ಬಿಣದ ಪರಮಾಣುಗಳಿಂದ ಒಂದೊಂದು ಎಲೆಕ್ಟ್ರಾನ್ ಕಿತ್ತುಕೊಂಡರೆ ಅವು ‘ಫೆರಿಕ್’ ಆಗುತ್ತವೆ. ಕಬ್ಬಿಣ ತುಕ್ಕು ಹಿಡಿಯುವಾಗಲೂ ಆಗುವುದು ಹೆಚ್ಚುಕಡಿಮೆ ಇದೇ. ಹಾಗಾದರೆ ತುಕ್ಕಿನ ಕೆಂಪು ಬರಬೇಕಿತ್ತು ಅಲ್ವಾ? ನೀಲಿ ಎಲ್ಲಿಂದ ಬಂತು?

ಇಬ್ಬರು ಎದುರು ಬದುರು ನಿಂತು ಚೆಂಡು ಎಸೆಯುವ ಆಟ ಅಂದುಕೊಳ್ಳಿ. ಒಬ್ಬೊಬ್ಬರ ಕೈಯಲ್ಲಿ ಒಂದೇ ಚೆಂಡಿಗೆ ಜಾಗ. ಇಬ್ಬರ ಕೈಯಲ್ಲೂ ಚೆಂಡು ಇದ್ದರೆ ಎಸೆದರೂ ಹಿಡಿಯುವವರಿಲ್ಲ, ಆಟ ನಿಂತಿತು. ಇದು ಹೊಸ ಹರಳು, ಎಲ್ಲಾ ಫೆರಸ್, ಬಣ್ಣ ಇಲ್ಲ. ಇಬ್ಬರ ಕೈಯೂ ಖಾಲಿ ಇದ್ದರೆ ಎಸೆಯಲು ಏನೂ ಇಲ್ಲ, ಆಗಲೂ ಆಟ ಇಲ್ಲ. ಅದು ಪೂರ್ತಿ ಫೆರಿಕ್ ಆದ ಸ್ಥಿತಿ. ಒಬ್ಬನ ಕೈಯಲ್ಲಿ ಚೆಂಡು, ಇನ್ನೊಬ್ಬನ ಕೈ ಖಾಲಿ, ಆಗ ಮಾತ್ರ ಆಟ! ಇಲ್ಲಿ ಚೆಂಡು ಅಂದರೆ ಎಲೆಕ್ಟ್ರಾನ್. ವಿವಿಯನೈಟ್ ಒಳಗೆ ಕಬ್ಬಿಣದ ಪರಮಾಣುಗಳು ಕೆಲವು ಕಡೆ ಜೋಡಿ ಜೋಡಿಯಾಗಿ, ತೀರಾ ಹತ್ತಿರ ಕೂತಿವೆ. ಆ ಜೋಡಿಯಲ್ಲಿ ಒಂದು ಫೆರಸ್, ಒಂದು ಫೆರಿಕ್ ಆದ ಕೂಡಲೇ ಎಲೆಕ್ಟ್ರಾನ್ ಈ ಕಡೆಯಿಂದ ಆ ಕಡೆಗೆ ಹಾರಬಹುದು. ಹಾರಲು ಶಕ್ತಿ ಬೇಕಲ್ಲ, ಅದನ್ನು ಬೆಳಕಿನಲ್ಲಿರುವ ಕೆಂಪು, ಕಿತ್ತಳೆ ಭಾಗದಿಂದ ತೆಗೆದುಕೊಳ್ಳುತ್ತದೆ. ಕೆಂಪು ಖರ್ಚಾಯಿತು, ನಮ್ಮ ಕಣ್ಣಿಗೆ ಉಳಿದದ್ದು ನೀಲಿ.

ಅಂದರೆ ಈ ನೀಲಿ ಅರ್ಧಕ್ಕೆ ನಿಂತ ತುಕ್ಕಿನ ಬಣ್ಣ! ಪೂರ್ತಿ ಆಕ್ಸಿಡೀಕರಣ ಆಗಲು ಬಿಟ್ಟರೆ ನೀಲಿ ಹೋಗಿ ಕಂದು ಹಳದಿ ಬರುತ್ತದೆ, ಹರಳಿನ ಕಟ್ಟಡವೂ ಕುಸಿಯುತ್ತದೆ.

ಇನ್ನೂ ಒಂದು, ಇದನ್ನು ಬಿಟ್ಟರೆ ನನಗೆ ನಿದ್ದೆ ಬರಲ್ಲ. ಆ ಕಬ್ಬಿಣದ ಜೋಡಿಗಳೆಲ್ಲಾ ಹರಳಿನಲ್ಲಿ ಒಂದೇ ದಿಕ್ಕಿಗೆ ಸಾಲಾಗಿವೆ. ಹಾಗಾಗಿ ಎಲೆಕ್ಟ್ರಾನ್ ಹಾರುವುದೂ ಆ ದಿಕ್ಕಿಗೇ. ಸ್ವಲ್ಪ ನೀಲಿಯಾದ ಹರಳನ್ನು ಪೋಲರೈಸ್ ಆದ ಬೆಳಕಿನಲ್ಲಿ, ಅಂದರೆ ಒಂದೇ ದಿಕ್ಕಿನಲ್ಲಿ ಕಂಪಿಸುವ ಬೆಳಕಿನಲ್ಲಿ, ಇಟ್ಟು ತಿರುಗಿಸಿ. ಒಂದು ಕೋನದಲ್ಲಿ ಕಡು ನೀಲಿ, ಇನ್ನೊಂದರಲ್ಲಿ ತಿಳಿ ಹಳದಿ ಹಸಿರು. ಅದೇ ಕಲ್ಲು, ಅದೇ ಬಲ್ಬು, ಸುಮ್ನೆ ತಿರುಗಿಸಿದ್ದಷ್ಟೇ.

[ಸ್ಕ್ರೀನ್ ಮೇಲೆ: ತಿರುಗುತ್ತಿರುವ ಹರಳು. ಎಡಿಟಿಂಗಿನಲ್ಲಿ ಇದನ್ನು ಕಟ್ ಮಾಡಬೇಡ ಮಾರಾಯ]

ಸರಿ, ಸಿಗುವುದು ಎಲ್ಲಿ? ಇದಕ್ಕೆ ಕಬ್ಬಿಣ ಬೇಕು, ಫಾಸ್ಫೇಟ್ ಬೇಕು, ನೀರು ಬೇಕು, ಆಮ್ಲಜನಕ ಇರಬಾರದು. ಇನ್ನೊಂದು ಷರತ್ತೂ ಇದೆ. ಸಲ್ಫೈಡ್, ಅಂದರೆ ಗಂಧಕದ ಒಂದು ರೂಪ, ಜಾಸ್ತಿ ಇರಬಾರದು. ಇದ್ದರೆ ಅದು ಕಬ್ಬಿಣವನ್ನೆಲ್ಲಾ ಎಳೆದುಕೊಂಡು ಪೈರೈಟ್ ಅನ್ನುವ ಬೇರೆ ಖನಿಜ ಮಾಡಿಬಿಡುತ್ತದೆ, ಫಾಸ್ಫೇಟಿಗೆ ಏನೂ ಉಳಿಯುವುದಿಲ್ಲ. ಸಮುದ್ರದ ನೀರಿನಲ್ಲಿ ಗಂಧಕದ ಇನ್ನೊಂದು ರೂಪವಾದ ಸಲ್ಫೇಟ್ ಹೇರಳ, ತಳದ ಕೆಸರಿನಲ್ಲಿ ಬ್ಯಾಕ್ಟೀರಿಯಾಗಳು ಅದನ್ನೇ ಸಲ್ಫೈಡ್ ಮಾಡುತ್ತವೆ. ಅದಕ್ಕೇ ವಿವಿಯನೈಟ್ ಜಾಸ್ತಿ ಕಾಣುವುದು ಸಿಹಿನೀರಿನ ಕೆರೆಗಳ ತಳದಲ್ಲಿ, ಜೌಗು ನೆಲದಲ್ಲಿ. ಅಲ್ಲಿನ ಬ್ಯಾಕ್ಟೀರಿಯಾಗಳು ಫೆರಿಕ್ ಕಬ್ಬಿಣವನ್ನು ಫೆರಸ್ ಮಾಡಿ ನೀರಿಗೆ ಬಿಡುತ್ತವೆ, ಅದು ಫಾಸ್ಫೇಟ್ ಜೊತೆ ಕೂಡುತ್ತದೆ.

ಫಾಸ್ಫೇಟ್ ಯಾವುದರಲ್ಲಿ ಧಾರಾಳವಾಗಿದೆ? ಮೂಳೆ, ಹಲ್ಲು, ಮಾಂಸ. ಬೈಸನ್ ದೇಹದಿಂದ ಫಾಸ್ಫೇಟ್, ಸುತ್ತಲಿನ ಮಣ್ಣಿನಿಂದ ಕಬ್ಬಿಣ, ಆಮೇಲೆ ಹೊರಗಿನ ಗಾಳಿ. ಬ್ಲೂ ಬೇಬ್ ಲೆಕ್ಕ ಚುಕ್ತಾ. 1991ರಲ್ಲಿ ಆಲ್ಪ್ಸ್ ಹಿಮದಲ್ಲಿ ಸಿಕ್ಕ ಓಟ್ಜಿ, 5,000 ವರ್ಷಕ್ಕೂ ಹಳೆಯ ಮನುಷ್ಯ, ಅವನ ಚರ್ಮದ ಮೇಲೂ ಇದೇ ನೀಲಿ ಕಲೆ ಸಿಕ್ಕಿದೆ.

ಟೈಮ್ ಆಗ್ತಾ ಇದೆ, ಉಳಿದದ್ದು ಒಟ್ಟಿಗೆ ಹೇಳಿಬಿಡುತ್ತೇನೆ. ದೊಡ್ಡ ಹರಳು ಬೇಕಾದರೆ ಕ್ಯಾಮರೂನ್‌ನ ಅನ್ಲೌವಾ, ಅಲ್ಲಿನ ಜೇಡಿಮಣ್ಣಿನಲ್ಲಿ ಒಂದು ಮೀಟರಿಗಿಂತ ಉದ್ದದವು ಸಿಕ್ಕಿವೆ. ಚೆಂದದ್ದು ಬೇಕಾದರೆ ಬೊಲಿವಿಯಾದ ತವರದ ಗಣಿಗಳು. ಕ್ರಿಮಿಯಾದ ಕೆರ್ಚ್‌ನಲ್ಲಿ ಹಳೇ ಚಿಪ್ಪುಗಳ ಒಳಗೇ ಬೆಳೆದಿರುತ್ತದೆ. ಉಂಗುರ ಮಾಡಿಸುವ ಆಸೆ ಮಾತ್ರ ಬಿಡಿ, ಒಂದು ದಿನ ತಡೆಯಲ್ಲ. ಹರಳು ಇಟ್ಟುಕೊಂಡಿದ್ದರೆ ಕತ್ತಲಲ್ಲಿಡಿ. ಪುಡಿ ಮಾಡಿ ನೀಲಿ ಬಣ್ಣವಾಗಿ ಬಳಸಿದ್ದೂ ಉಂಟು, 17ನೇ ಶತಮಾನದ ಡಚ್ ಚಿತ್ರಗಳಲ್ಲಿ ಸಿಕ್ಕಿದೆ.

ಕೊನೆಯದು ಚರಂಡಿ ನೀರು. ಕೊಳಚೆ ಶುದ್ಧೀಕರಣ ಘಟಕಗಳಲ್ಲಿ ಫಾಸ್ಫೇಟ್ ತೆಗೆಯಲು ಕಬ್ಬಿಣದ ಲವಣ ಹಾಕುತ್ತಾರೆ. ಆ ಕೆಸರು ಆಮ್ಲಜನಕವಿಲ್ಲದ ಟ್ಯಾಂಕಿಗೆ ಹೋದಾಗ ಅಲ್ಲೂ ವಿವಿಯನೈಟ್ ಹುಟ್ಟುತ್ತದೆ, ಕೆಲವೊಮ್ಮೆ ಪೈಪುಗಳ ಒಳಗೆ ಗಟ್ಟಿಯಾಗಿ ಕಟ್ಟಿಕೊಂಡು ತಲೆನೋವೂ ಆಗುತ್ತದೆ. ಆದರೆ ಇದಕ್ಕೆ ಸ್ವಲ್ಪ ಅಯಸ್ಕಾಂತದ ಗುಣ ಇದೆ. ಸಾಮಾನ್ಯ ಮ್ಯಾಗ್ನೆಟ್ ಸಾಲದು, ಗಣಿಗಳಲ್ಲಿ ಅದಿರು ಬೇರ್ಪಡಿಸುವ ಥರದ ಬಲವಾದದ್ದು ಬೇಕು. ನೆದರ್‌ಲ್ಯಾಂಡ್ಸ್‌ನಲ್ಲಿ ಹೀಗೆ ಕೆಸರಿನಿಂದ ಇದನ್ನು ಎಳೆದು ತೆಗೆಯುವ ಪ್ರಯೋಗ ನಡೆದಿದೆ. ತೆಗೆದದ್ದನ್ನು ಕ್ಷಾರದ ದ್ರಾವಣಕ್ಕೆ ಹಾಕಿದರೆ ಫಾಸ್ಫೇಟ್ ನೀರಿಗೆ ಬಿಡುತ್ತದೆ, ಅದು ಗೊಬ್ಬರಕ್ಕೆ. ತಳದಲ್ಲಿ ಉಳಿಯುವ ಕಬ್ಬಿಣವನ್ನು ಮತ್ತೆ ಘಟಕಕ್ಕೇ ಹಾಕಬಹುದು.