ಸಂಕಟ ಕೇಳಿದ ಸುಂಕದವನು

ಕೇಳುಗರಿಗೆ ನಮಸ್ಕಾರ.

ಸುಂಕದವನ ಮುಂದೆ ಸುಖದುಃಖ ಹೇಳಿಕೊಂಡು ಪ್ರಯೋಜನವಿಲ್ಲ ಅನ್ನುತ್ತೇವೆ. ಇನ್ನೂರು ವರ್ಷದ ಹಿಂದೆ ಸಿಡ್ನಿ ಬಂದರಿನ ಸುಂಕದವನೊಬ್ಬ ಊರವರ ಕಷ್ಟವನ್ನೆಲ್ಲ ಕೇಳಿದ, ಕೇಳಿಯೇ ಕೆಟ್ಟ. ಅವನು ಜಾನ್ ಪೈಪರ್.

1773ರಲ್ಲಿ ಸ್ಕಾಟ್ಲೆಂಡಿನಲ್ಲಿ ಹುಟ್ಟಿದವನು, 1792ರಲ್ಲಿ ಕಿರಿಯ ಸೇನಾಧಿಕಾರಿಯಾಗಿ ಸಿಡ್ನಿಗೆ ಬಂದ. ಬ್ರಿಟನ್ನಿನ ಕೈದಿಗಳನ್ನು ತಂದು ಬಿಡುತ್ತಿದ್ದ ಆ ವಸಾಹತಿಗೆ ಆಗ ನಾಲ್ಕೇ ವರ್ಷ. ನಡುವೆ ನಾರ್ಫೋಕ್ ದ್ವೀಪದ ಆಡಳಿತ ನಡೆಸಿ, ಇಂಗ್ಲೆಂಡಿಗೂ ಹೋಗಿ, 1814ರಲ್ಲಿ 'ನೇವಲ್ ಆಫೀಸರ್' ಆಗಿ ಮರಳಿದ. ಹೆಸರು ನೌಕಾದಳದ್ದು, ಕೆಲಸ ಮಾತ್ರ ಬಂದರಿನದು.

ಹಡಗು ಕೊಲ್ಲಿಯ ಬಾಯಿಗೆ ಬಂದರೆ, ನೀರಿನ ದಾರಿ ಬಲ್ಲ 'ಪೈಲಟ್' ಹತ್ತಿ ಒಳಗೆ ತರುತ್ತಿದ್ದ. ಲಂಗರು ಬಿದ್ದ ಮೇಲೆ ಪೈಪರನ ಪಾಳಿ. ಸರಕಿನ ಪಟ್ಟಿ ನೋಡಬೇಕು. ಕಲ್ಕತ್ತೆಯಿಂದ ಬಂದ ಬಂಗಾಳದ ರಮ್ ಎಷ್ಟು ಪೀಪಾಯಿ ಎಂದು ಎಣಿಸಬೇಕು. ಆಮದು ಸುಂಕ, ಮದ್ಯದ ಸುಂಕ, ಬಂದರು ಶುಲ್ಕ ಎಲ್ಲ ವಸೂಲಾಗಬೇಕು. ಹೊರಡುವ ಹಡಗಿನದು ಬೇರೆಯೇ ತಲೆನೋವು. ಕೈದಿಗಳು ಅಡಗಿ ಕೂತಿದ್ದಾರೋ ಎಂದು ಮೂಲೆಮೂಲೆ ಜಾಲಾಡಬೇಕು. ಊರು ಬಿಡುವವರು ತಮ್ಮ ಹೆಸರನ್ನು 'ಸಿಡ್ನಿ ಗೆಜೆಟ್'ನಲ್ಲಿ ಮೊದಲೇ ಪ್ರಕಟಿಸಬೇಕಿತ್ತು, ಸಾಲಗಾರ ಹಡಗು ಹತ್ತಿ ಪರಾರಿಯಾಗದಿರಲೆಂದು. ಸಾಲದ್ದಕ್ಕೆ ದೀಪಸ್ತಂಭದ ಉಸ್ತುವಾರಿ ಬೇರೆ. 1818ರಲ್ಲಿ ದೀಪ ಹೊತ್ತಿದ ಮ್ಯಾಕ್ವಾರಿ ಸ್ತಂಭದ ಮರಳುಗಲ್ಲು ಎಷ್ಟು ಮೆದುವೆಂದರೆ, ಕೆಲವೇ ವರ್ಷಗಳಲ್ಲಿ ಉದುರತೊಡಗಿ ಕಬ್ಬಿಣದ ಪಟ್ಟಿ ಬಿಗಿಯಬೇಕಾಯಿತು.

ಇನ್ನು ದುಡ್ಡು. ಊರಲ್ಲಿ ಚಿಲ್ಲರೆಗೇ ಬರ. 1813ರಲ್ಲಿ 40,000 ಸ್ಪ್ಯಾನಿಷ್ ಡಾಲರ್‌ಗಳ ನಡುಭಾಗ ಕೊರೆದು, ಬಳೆಯಂತೆ ಉಳಿದದ್ದಕ್ಕೆ 5 ಷಿಲಿಂಗ್, ಒಳಗಿನ ಬಿಲ್ಲೆಗೆ 15 ಪೆನ್ಸ್ ಬೆಲೆ ಕಟ್ಟಿದ್ದರು. ತೂತಿನ ನಾಣ್ಯ ಹೊರಗೆ ಹೋದರೆ ಯಾರೂ ಮುಟ್ಟುವುದಿಲ್ಲ, ಊರಲ್ಲೇ ಉಳಿಯುತ್ತದೆ ಎಂಬ ಜಾಣತನ. ಆದರೂ ವ್ಯಾಪಾರ ಬಹುಪಾಲು ಚೀಟಿಯ ಮೇಲೆ, ಉದ್ರಿಯ ಮೇಲೆಯೇ.

ಎಡವಟ್ಟಾದದ್ದು ಇಲ್ಲೇ. ಪೈಪರನಿಗೆ ಕಟ್ಟು ಸಂಬಳವಲ್ಲ, ವಸೂಲಾದ ಹಣದಲ್ಲಿ ಪಾಲು. ಹಡಗುಗಳು ಹೆಚ್ಚಿದಂತೆ ವರಮಾನ ವರ್ಷಕ್ಕೆ 4,000 ಪೌಂಡ್ ದಾಟಿತು. ಇಂದು ಅವನ ಹೆಸರಲ್ಲೇ ಇರುವ ಪಾಯಿಂಟ್ ಪೈಪರ್‌ನಲ್ಲಿ 10,000 ಪೌಂಡ್ ಸುರಿದು ಹೆನ್ರಿಯೆಟಾ ವಿಲ್ಲಾ ಕಟ್ಟಿಸಿದ. ದಿನಾ ಔತಣ, ಸ್ವಂತ ವಾದ್ಯಮೇಳ. ಸುಂಕ ಕಟ್ಟಬೇಕಾದ ವರ್ತಕ ಅದೇ ಮೇಜಿನಲ್ಲಿ ಉಣ್ಣುತ್ತಿದ್ದರೆ 'ಮುಂದಿನ ತಿಂಗಳು ಕೊಡುತ್ತೇನೆ' ಎಂದವನಿಗೆ ಇಲ್ಲವೆನ್ನುವುದು ಹೇಗೆ?

ಗವರ್ನರ್ ಡಾರ್ಲಿಂಗ್ 1827ರಲ್ಲಿ ಲೆಕ್ಕ ತೆಗೆಸಿದಾಗ 12,000 ಪೌಂಡ್ ಖೋತಾ. ಕದ್ದದ್ದಲ್ಲ, ಉದ್ರಿ ಬಿಟ್ಟದ್ದು. ಅವನೇ ಅಧ್ಯಕ್ಷನಾಗಿದ್ದ ಬ್ಯಾಂಕ್ ಆಫ್ ನ್ಯೂ ಸೌತ್ ವೇಲ್ಸ್‌ನ ಸ್ಥಿತಿಯೂ ಹಾಗೆಯೇ. ಹುದ್ದೆ ಹೋಯಿತು. ವಾದ್ಯದವರನ್ನು ಕೂರಿಸಿಕೊಂಡು ದೋಣಿಯಲ್ಲಿ ಹೊರಟವನು, ಸಂಗೀತ ನಡೆಯುತ್ತಿರುವಾಗಲೇ ನೀರಿಗೆ ಹಾರಿದ. ದೋಣಿಯವರು ಎಳೆದುಕೊಂಡರು.

ಆಸ್ತಿ ಮಾರಿ ಬಾಕಿ ತೀರಿಸಿ ಬ್ಯಾಥರ್ಸ್ಟ್‌ನಲ್ಲಿ ಬೇಸಾಯಕ್ಕಿಳಿದ. ಬರ ಬಂದು ಅದೂ ಕೈಕೊಟ್ಟಾಗ ನೆಲೆ ಒದಗಿಸಿದವರು ಸ್ನೇಹಿತರೇ. 1851ರಲ್ಲಿ ತೀರಿಕೊಂಡದ್ದು ಅವರು ಒದಗಿಸಿದ ಜಮೀನಿನಲ್ಲಿ, ಕಡಲಿನಿಂದ ಬಲು ದೂರ.